ಕನಿಷ್ಠ ಮೊತ್ತ ಕಟ್ಟುತ್ತಾ ಹೋದರೆ ಸಾಲ ಏಕೆ ಕರಗದು?

"ಒಂದು ತಿಂಗಳೂ ತಪ್ಪಿಸಿಲ್ಲ ಸಾರ್, ಆದರೂ ಸಾಲ ಇಳೀತಾನೇ ಇಲ್ಲ." ಕ್ರೆಡಿಟ್ ಕಾರ್ಡ್ ಬಿಲ್ ಹಿಡಿದು ಸಲಹೆಗೆ ಬರುವವರ ಮೊದಲ ಮಾತು ಸಾಮಾನ್ಯವಾಗಿ ಇದೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಬುದ್ಧಿವಾದವನ್ನು ಅವರು ಮನೆಯವರಿಂದಲೇ ಕೇಳಿ ಕೇಳಿ ಸಾಕಾಗಿರುತ್ತಾರೆ. ನಾನು ಅದನ್ನು ಮತ್ತೆ ಹೇಳುವುದಿಲ್ಲ. ಅವರು ಎಡವಿರುವುದು ಬಿಲ್ಲಿನ ಒಂದು ಸಾಲಿನಲ್ಲಿ: 'ಕನಿಷ್ಠ ಪಾವತಿ ಮೊತ್ತ'.

ದಯವಿಟ್ಟು ಅದನ್ನು ಕಂತು ಎಂದುಕೊಳ್ಳಬೇಡಿ. ಇಷ್ಟು ತಿಂಗಳಲ್ಲಿ ಸಾಲ ಮುಗಿಯಬೇಕೆಂದು ಲೆಕ್ಕ ಹಾಕಿ ಗೊತ್ತುಮಾಡಿದ್ದು ಕಂತು. ಕನಿಷ್ಠ ಮೊತ್ತ ಸಾಮಾನ್ಯವಾಗಿ ಬಾಕಿಯ ಇಂತಿಷ್ಟು ಶೇಕಡಾ ಎಂದಿರುತ್ತದೆ. ಬಾಕಿ ತುಸು ಇಳಿದರೆ ಅದೂ ಇಳಿಯುತ್ತದೆ, ನಾವು ಕಟ್ಟುವುದೂ ಕಡಿಮೆಯಾಗುತ್ತದೆ. ಸಾಲ ಎಳೆಯುವುದು ಹೀಗೆ.

ಒಂದು ಲಕ್ಷ ಬಾಕಿ, ತಿಂಗಳಿಗೆ ಶೇ 3 ಬಡ್ಡಿ, ಕನಿಷ್ಠ ಮೊತ್ತ ಶೇ 5 ಎಂದಿಟ್ಟುಕೊಳ್ಳಿ. ಮೊದಲ ತಿಂಗಳು ಬಡ್ಡಿ ಸೇರಿ 1,03,000 ಆಯಿತು, ಕಟ್ಟಿದ್ದು 5,150. ಅದರಲ್ಲಿ 3,000 ಬಡ್ಡಿಗೇ ಹೋಯಿತು, ಅಸಲು ಇಳಿದದ್ದು 2,150 ಮಾತ್ರ. ಹೊಸದಾಗಿ ಏನನ್ನೂ ಕೊಳ್ಳದೆ ಹೀಗೇ ಕಟ್ಟುತ್ತಾ ಹೋದರೆ 32 ತಿಂಗಳಿಗೆ ಬಾಕಿ ಅರ್ಧಕ್ಕೆ ಬರುತ್ತದೆ. ಅಷ್ಟರಲ್ಲಿ ಕೈಬಿಟ್ಟ ಹಣ ಸುಮಾರು 1,20,000.

ಈಗ ಅದೇ 5,150 ಅನ್ನು ಹಿಡಿದಿಡಿ. ಮುಂದಿನ ಬಿಲ್ಲಿನಲ್ಲಿ ಕನಿಷ್ಠ ಮೊತ್ತ ಕಡಿಮೆ ತೋರಿಸಿದರೂ ಇಳಿಸಬೇಡಿ. ಮೂವತ್ತನೇ ತಿಂಗಳಿಗೆ ಸಾಲ ಪೂರ್ತಿ ಚುಕ್ತಾ! ಮೊದಲ ತಿಂಗಳು ಕಟ್ಟಿದ್ದಕ್ಕಿಂತ ಒಂದು ಪೈಸೆಯನ್ನೂ ಹೆಚ್ಚು ಕಟ್ಟಬೇಕಾಗಿಲ್ಲ. ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಹಲವರು ನಂಬುವುದಿಲ್ಲ, ತಾವೇ ಕ್ಯಾಲ್ಕುಲೇಟರ್ ಎಳೆದುಕೊಳ್ಳುತ್ತಾರೆ. ಹಾಗೆ ಮಾಡಬೇಕು ಕೂಡ.

ಆದರೆ ಆ ಕಾರ್ಡನ್ನು ಅಷ್ಟು ದಿನ ಉಜ್ಜಬಾರದು. ಹಳೆಯ ಬಾಕಿ ಇರುವಾಗ ಸಾಮಾನ್ಯವಾಗಿ ಬಡ್ಡಿರಹಿತ ಅವಧಿ ಸಿಗುವುದಿಲ್ಲ; ಇವತ್ತು ಕೊಂಡ ಸಾಮಾನಿಗೆ ಇವತ್ತಿನಿಂದಲೇ ಬಡ್ಡಿ. ಬಡ್ಡಿ ದಿನದ ಲೆಕ್ಕದಲ್ಲಿ ಬೀಳುವುದರಿಂದ ಕಡೆಯ ದಿನಾಂಕಕ್ಕೆ ಕಾಯದೆ ಸಂಬಳ ಬಂದ ದಿನವೇ ಕಟ್ಟಿಬಿಡಿ. ಆಟೋ ಪೇ ಇಟ್ಟಿದ್ದರೆ ಅದು 'ಕನಿಷ್ಠ' ಎಂಬ ಆಯ್ಕೆಯಲ್ಲಿದೆಯೇ ನೋಡಿ, ಬಹಳ ಮನೆಗಳಲ್ಲಿ ಹಾಗೇ ಬಿಟ್ಟಿರುತ್ತಾರೆ. ಎರಡು ಮೂರು ಕಾರ್ಡುಗಳಿದ್ದರೆ ಎಲ್ಲಕ್ಕೂ ಕನಿಷ್ಠ ಕಟ್ಟಿ, ಉಳಿದ ಹಣವನ್ನೆಲ್ಲ ಬಡ್ಡಿ ಜಾಸ್ತಿ ಇರುವುದಕ್ಕೆ ಹಾಕಿ. ಆದರೆ ಇದಕ್ಕಾಗಿ ಮನೆ ಸಾಲದ ಕಂತು ತಪ್ಪಿಸಬೇಡಿ. ಅಲ್ಲಿ ಅಡವಿರುವುದು ಮನೆಯೇ.

ಕಡಿಮೆ ಬಡ್ಡಿಯ ವೈಯಕ್ತಿಕ ಸಾಲ ತೆಗೆದು ಕಾರ್ಡ್ ತೀರಿಸಬಹುದೇ ಎಂದು ಕೇಳುತ್ತಾರೆ. ಸಂಸ್ಕರಣಾ ಶುಲ್ಕ, ಅವಧಿಗೆ ಮುಂಚೆ ತೀರಿಸಿದರೆ ಬೀಳುವ ದಂಡ ಎರಡನ್ನೂ ಸೇರಿಸಿ ನೋಡಿದರೂ ಲಾಭವಿದ್ದರೆ ಆಗಬಹುದು. ಆದರೆ ಕಾರ್ಡ್ ಖಾಲಿಯಾದೊಡನೆ ಅದರ ಮಿತಿ ಪೂರ್ತಿ ತೆರೆದುಕೊಳ್ಳುತ್ತದೆ. ವರ್ಷದೊಳಗೆ ಅದೂ ತುಂಬಿ, ಸಾಲದ ಮೇಲೆ ಸಾಲ ಹೊತ್ತು ಬಂದವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಹೊಸ ಸಾಲದ ಹಣ ಕಾರ್ಡಿಗೆ ಜಮೆಯಾದ ದಿನವೇ ಮಿತಿ ಇಳಿಸಲು ಲಿಖಿತ ಕೋರಿಕೆ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.