ಅಟ್ಟದ ಮೇಲಿನ ಪರದೆ ಮತ್ತು ಒಪ್ಪಿಗೆ ಪತ್ರ

ಹಳೆಯ ಕಲಾವಿದರ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಹೊಸ ಕೃತಿ ರಚಿಸುವ ತರುಣರು ಬೆಳಗಾವಿಯ ನಮ್ಮ ವಕೀಲಿ ಕಚೇರಿಗೆ ಸಲಹೆಗೆಂದು ಬರುವಾಗ, ಬಹುತೇಕ ಎಲ್ಲರ ಕೈಯಲ್ಲೂ ನೂರು ರೂಪಾಯಿಯ ಬಾಂಡ್ ಮೇಲೆ ಬರೆಸಿದ ಒಪ್ಪಿಗೆ ಪತ್ರವೊಂದು ಇರುತ್ತದೆ. ಅದಕ್ಕೆ ಸಹಿ ಹಾಕಿದವರು, ಚಿತ್ರ ಈಗ ಯಾರ ಮನೆಯಲ್ಲಿದೆಯೋ ಅವರು.

ಬೈಲಹೊಂಗಲ ಕಡೆಯ ಕಲಾವಿದೆಯೊಬ್ಬರು ತಂದದ್ದೂ ಇಂಥದೇ ಪತ್ರ. ಕಂಪನಿ ನಾಟಕಗಳಿಗೆ ಪರದೆ ಬರೆದೇ ಜೀವ ಸವೆಸಿ, ಹ್ಯಾಂಡ್‌ಬಿಲ್ಲಿನಲ್ಲಿ ಒಮ್ಮೆಯೂ ಹೆಸರು ಕಾಣದ ಚಿತ್ರಕಾರನೊಬ್ಬನ ದರ್ಬಾರು ಪರದೆಯನ್ನು ಅವರು ಹುಡುಕಿ ತೆಗೆದಿದ್ದರು. ಕೆಳ ಅಂಚನ್ನು ಇಲಿ ಕಡಿದಿತ್ತು, ಬಿದಿರ ಗಳಕ್ಕೆ ಸುತ್ತಿಟ್ಟಿದ್ದರಿಂದ ಬಣ್ಣ ಅಡ್ಡಡ್ಡ ಬಿರುಕುಬಿಟ್ಟಿತ್ತು, ಆದರೆ ದೂರ ಸರಿಯುತ್ತ ಕಿರಿದಾಗುವ ಕಂಬಗಳ ಸಾಲಿನ ಲೆಕ್ಕ ಎಲ್ಲಿಯೂ ತಪ್ಪಿರಲಿಲ್ಲ. ಸಿಂಹಾಸನವನ್ನು ಖಾಲಿ ಬಿಟ್ಟು, ಅದರ ಮುಂದೆ ರಂಗ ಗುಡಿಸುವ ಹೆಂಗಸರನ್ನು ಕೂರಿಸಿದ ಅವರ ಹೊಸ ಚಿತ್ರ ನನಗೆ ಬಹಳ ಹಿಡಿಸಿತು. ಕೆಲಸಕ್ಕೆ ಬಾರದ್ದು ಬಾಂಡ್ ಮಾತ್ರ.

ಹೊಲದ ಉತಾರದಲ್ಲಿ ಯಾರ ಹೆಸರಿದೆಯೋ ಅವರೇ ಒಡೆಯರು ಎಂದು ತಿಳಿದು ಬೆಳೆದ ನಮ್ಮವರಿಗೆ, 1957ರ ಕೃತಿಸ್ವಾಮ್ಯ ಕಾಯ್ದೆಯ ಮಾತು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಪರದೆ ಒಬ್ಬರದು, ಅದರ ಚಿತ್ರವನ್ನು ನಕಲಿಸುವ, ರೂಪಾಂತರಿಸುವ ಹಕ್ಕು ಇನ್ನೊಬ್ಬರದು ಆಗಿರಬಹುದು. ಲಕ್ಷ ರೂಪಾಯಿ ಕೊಟ್ಟು ಹರಾಜಿನಲ್ಲಿ ಕೊಂಡರೂ ಕೈಗೆ ಬರುವುದು ಬಟ್ಟೆ ಮತ್ತು ಬಣ್ಣ. ಹಕ್ಕು ಬರಬೇಕಾದರೆ ಅದರ ಒಡೆಯರು ಬರವಣಿಗೆಯಲ್ಲಿ ಸಹಿ ಮಾಡಿ ವರ್ಗಾಯಿಸಿರಬೇಕು.

ಹಾಗಾದರೆ ಚಿತ್ರಕಾರನ ಮೊಮ್ಮಗನನ್ನು ಕೇಳುತ್ತೇನೆ ಎಂದು ಆಕೆ ಎದ್ದೇಬಿಟ್ಟರು. ಅಲ್ಲಿಯೂ ತೊಡಕಿದೆ. ಹಣ ಕೊಟ್ಟು ಬರೆಸಿದ ಚಿತ್ರಕ್ಕೆ, ಬೇರೆ ಕರಾರು ಇಲ್ಲದಿದ್ದರೆ, 17ನೇ ಕಲಮಿನ ಪ್ರಕಾರ ಬರೆಸಿದವರೇ ಮೊದಲ ಒಡೆಯರು. ಸಂಬಳಕ್ಕಿದ್ದು ಬರೆದಿದ್ದರೂ ಸಾಮಾನ್ಯವಾಗಿ ಮಾಲೀಕರೇ. ಆದ್ದರಿಂದ ಕೇಳಬೇಕಾದದ್ದು ಕಂಪನಿ ಮಾಲೀಕರ ವಾರಸುದಾರರನ್ನು. 1958ರ ಜನವರಿಗೆ ಹಿಂದಿನ ಪರದೆಯಾದರೆ ಹಳೆಯ ಕಾಯ್ದೆಯನ್ನೂ ನೋಡಬೇಕಾಗುತ್ತದೆ, ಕಾಗದಪತ್ರ ಕಾಣದೆ ಖಚಿತವಾಗಿ ಹೇಳಲಾರೆ. ಅವಧಿಯಂತೂ ಚಿತ್ರಕಾರನ ಮರಣದಿಂದಲೇ 60 ವರ್ಷ: ಆತ 1970ರಲ್ಲಿ ತೀರಿಕೊಂಡಿದ್ದರೆ 2030ರ ಡಿಸೆಂಬರ್ 31ರವರೆಗೆ.

ಮೊಮ್ಮಗನಿಗೆ ಏನೂ ಇಲ್ಲವೆಂದಲ್ಲ. ಹಕ್ಕು ಪರರ ಪಾಲಾದರೂ, ಕೃತಿ ತನ್ನದೆಂದು ಹೇಳಿಕೊಳ್ಳುವ, ತನ್ನ ಗೌರವಕ್ಕೆ ಕುಂದು ತರುವ ವಿರೂಪವನ್ನು ತಡೆಯುವ ಅಧಿಕಾರ 57ನೇ ಕಲಮಿನಡಿ ಕಲಾವಿದನಲ್ಲಿಯೇ ಉಳಿಯುತ್ತದೆ, ಆತನ ನಂತರ ಅದನ್ನು ಆತನ ವಾರಸುದಾರರು ಚಲಾಯಿಸಬಹುದು. ದೆಹಲಿಯ ವಿಜ್ಞಾನ ಭವನದಿಂದ ಸರ್ಕಾರ ಕಿತ್ತುಹಾಕಿದ ಅಮರನಾಥ ಸೆಹಗಲ್ ಅವರ ಭಿತ್ತಿಶಿಲ್ಪದ ಅವಶೇಷಗಳನ್ನು ಅವರಿಗೆ ಮರಳಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ದೆಹಲಿ ಹೈಕೋರ್ಟ್ 2005ರಲ್ಲಿ ತೀರ್ಪಿತ್ತದ್ದು ಈ ಕಲಮಿನ ಬಲದಿಂದಲೇ. ಖಾಲಿ ಸಿಂಹಾಸನ ವಿರೂಪವಾಗುತ್ತದೆಂದು ನನಗೆ ತೋರುವುದಿಲ್ಲ. ಆದರೂ ಚಿತ್ರದ ಕೆಳಗೆ ಮೂಲ ಚಿತ್ರಕಾರನ ಹೆಸರು ಇರಲೇಬೇಕೆಂದು ಬರೆದುಕೊಟ್ಟೆ.

ಬಾಂಡಿಗೆ ಸಹಿ ಹಾಕಿದ ಹಿರಿಯರು ಸಿಟ್ಟಾಗಿ ಕಚೇರಿಗೇ ಬಂದರು. ಇಷ್ಟು ವರ್ಷ ಇಲಿಗಳಿಂದ ಕಾಯ್ದವನು ನಾನು, ನನಗೇನೂ ಇಲ್ಲವೇ ಎಂದು ಕೇಳಿದರು. ಪರದೆ ನಿಮ್ಮದೇ, ಅಟ್ಟದಿಂದ ಇಳಿಸಿ ತೋರಿಸುವುದೂ ಬಿಡುವುದೂ ನಿಮ್ಮ ಇಷ್ಟ ಎಂದು ಮತ್ತೊಮ್ಮೆ ಮೊದಲಿನಿಂದ ಹೇಳತೊಡಗಿದೆ.