ರಕ್ತ ತೆಗೆದದ್ದು ಎಷ್ಟು ಗಂಟೆಗೆ?

ಮಕ್ಕಳ ಐಸಿಯುನಲ್ಲಿ ನಾನು ದಿನವೂ ಕೇಳುವ ಪ್ರಶ್ನೆ ಇದು. ‘ಬೆಳಗ್ಗೆ ಆರಕ್ಕೆ, ಸರ್’ ಅನ್ನುತ್ತಾರೆ. ಆರು ಅಂದರೆ ಐದೂವರೆಯೋ, ಆರೂ ಮುಕ್ಕಾಲೋ? ಗೊತ್ತಿರುವುದಿಲ್ಲ. ಬೆಳಗಿನ ರಕ್ತ ಪರೀಕ್ಷೆಗೆಲ್ಲ ಆರು ಗಂಟೆ ಅಂತ ಬರೆಯುವುದು ರೂಢಿ. ಹಿಮೋಗ್ಲೋಬಿನ್‌ಗೆ ಅದು ನಡೆದೀತು. ವ್ಯಾಂಕೋಮೈಸಿನ್ ಅನ್ನುವ ಆ್ಯಂಟಿಬಯೋಟಿಕ್‌ನ ಲೆವೆಲ್‌ಗೆ, ಅಂದರೆ ರಕ್ತದಲ್ಲಿ ಆ ಔಷಧ ಎಷ್ಟಿದೆ ಎನ್ನುವ ಪರೀಕ್ಷೆಗೆ, ನಡೆಯುವುದಿಲ್ಲ.

ಹುಬ್ಬಳ್ಳಿಯವರಿಗೆ ನಳದ ನೀರಿನ ಲೆಕ್ಕ ಚೆನ್ನಾಗಿ ಗೊತ್ತು. ನಮ್ಮ ಎಷ್ಟೋ ಓಣಿಗಳಲ್ಲಿ ನಳ ಬರುವುದೇ ಕೆಲವು ದಿನಕ್ಕೊಮ್ಮೆ. ಟಾಕಿಯಲ್ಲಿ ಅರ್ಧ ನೀರಿದೆ ಅಂದರೆ ಒಳ್ಳೆಯದೋ, ಕೆಟ್ಟದ್ದೋ? ನಳ ನಿಂತು ಒಂದು ತಾಸಾಗಿದ್ದರೆ ಗಾಬರಿ, ಎಲ್ಲೋ ಸೋರುತ್ತಿದೆ. ನಾಳೆ ನಳ ಬರುವುದಿದ್ದರೆ ಅದೇ ಅರ್ಧ ಟಾಕಿ ನೆಮ್ಮದಿ. ಔಷಧದ ಲೆವೆಲ್ ಕೂಡ ಹೀಗೇ ಅಲ್ವಾ?

ಲೀಟರಿಗೆ 38 ಮಿಲಿಗ್ರಾಂ ಅಂತ ರಿಪೋರ್ಟ್ ಬಂತು ಅನ್ನಿ. ಡೋಸ್ ಮುಗಿದು ಒಂದು ತಾಸಿಗೆ ತೆಗೆದ ರಕ್ತವಾದರೆ ಹೆದರಬೇಕಿಲ್ಲ. ಮುಂದಿನ ಡೋಸಿಗೆ ಅರ್ಧ ತಾಸು ಮೊದಲು ತೆಗೆದದ್ದಾದರೆ ಕಿಡ್ನಿ ಔಷಧವನ್ನು ಸರಿಯಾಗಿ ಹೊರಹಾಕುತ್ತಿಲ್ಲ ಅಂತ ಸಂಶಯ ಪಡಬೇಕು. ಗಡಿಯಾರ ಗೊತ್ತಿಲ್ಲದಿದ್ದರೆ ನಾನು ಔಷಧ ನಿಲ್ಲಿಸಲೋ, ಕೊಡಲೋ?

ತೂಕಕ್ಕೆ ತಕ್ಕ ಡೋಸ್ ಕೊಟ್ಟ ಮೇಲೂ ಲೆವೆಲ್ ಯಾಕೆ ಬೇಕು ಅಂತ ಕೆಲವರು ಕೇಳುತ್ತಾರೆ. ನಂಜೇರಿದ ಮಗುವಿನ ಕಿಡ್ನಿ ಮೊದಲು ಜೋರಾಗಿ ಓಡಿ ಔಷಧವನ್ನೆಲ್ಲ ಮೂತ್ರದಲ್ಲಿ ಕಳಿಸಬಹುದು. ಎರಡೇ ದಿನದಲ್ಲಿ ಅದೇ ಕಿಡ್ನಿ ಸೋಲಬಹುದು. ಅಮಿಕಾಸಿನ್ ಅನ್ನುವ ಇನ್ನೊಂದು ಆ್ಯಂಟಿಬಯೋಟಿಕ್ ಜಾಸ್ತಿ ಉಳಿದರೆ ಕಿವಿಗೂ ಅಪಾಯ. ಹೋದ ಕಿವಿ ಸಾಮಾನ್ಯವಾಗಿ ಮರಳುವುದಿಲ್ಲ.

ಹಾವೇರಿ ಕಡೆಯ ಒಂದು ಮಗು ಬೇರೆ ಆಸ್ಪತ್ರೆಯಿಂದ ನಮ್ಮಲ್ಲಿಗೆ ಬಂತು. ಲೆವೆಲ್ ತುಂಬಾ ಜಾಸ್ತಿ ಅಂತ ಹಿಂದಿನ ರಾತ್ರಿ ಔಷಧ ನಿಲ್ಲಿಸಿದ್ದರು. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಪರೀಕ್ಷೆ ಸರಿಯಾಗಿತ್ತು, ಮೂತ್ರ ಚೆನ್ನಾಗಿ ಹೋಗುತ್ತಿತ್ತು. ಜ್ವರ ಮಾತ್ರ ಮತ್ತೆ ಏರಿತ್ತು. ಫೈಲಿನಲ್ಲಿ ಸಮಯವೇ ಇಲ್ಲ. ಕೊನೆಗೆ ತಾಯಿ ಹೇಳಿದರು: ‘ಔಷಧ ಹನಿ ಬೀಳಾಕತ್ತಿತ್ರಿ ಸರ್. ಅದ ಪೈಪ್‌ನಾಗಿಂದ ರಕ್ತ ತಗದ್ರು.’ ಪೈಪಿನಲ್ಲಿದ್ದ ಔಷಧವೇ ರಕ್ತದ ಜೊತೆ ಸೇರಿ ಅಂಕಿ ಏರಿಸಿತ್ತು. ಬೇರೆ ಕೈಯಿಂದ ತೆಗೆದು ನೋಡಿದರೆ ಲೆವೆಲ್ ಬರೀ 5. ಬೇಕಾದ ಔಷಧವಿಲ್ಲದೆ ಆ ಕೂಸು ಒಂದು ರಾತ್ರಿ ಕಳೆದಿತ್ತು. ನನಗೆ ಆ ದಿನ ಊಟ ಸೇರಲಿಲ್ಲ.

ಅಜ್ಜಿಯಂದಿರ ಚಿಂತೆ ಬೇರೆ: ‘ಕೂಸಿನ ಮೈಯಾಗ ರಕ್ತ ಎಷ್ಟೈತಂತ ದಿನಾ ತಗೀತೀರಿ?’ ಹತ್ತು ಕಿಲೋ ಮಗುವಿನಲ್ಲಿ ಸುಮಾರು 750 ಮಿಲಿ ರಕ್ತ ಇರುತ್ತದೆ ಅಮ್ಮಾ, ಈ ಪರೀಕ್ಷೆಗೆ ಬೇಕಾದದ್ದು ಒಂದು ಮಿಲಿಯ ಆಸುಪಾಸು. ಆದರೆ ಸಮಯ ಬರೆಯದೆ ತೆಗೆದರೆ ಆ ಒಂದು ಮಿಲಿಯೂ ಸುಮ್ನೆ ಹೋಯಿತು.

2020ರಲ್ಲಿ ಅಮೆರಿಕದ ತಜ್ಞರು ವ್ಯಾಂಕೋಮೈಸಿನ್ ಮಾರ್ಗಸೂಚಿ ಬದಲಿಸಿದ ಮೇಲೆ ಒಂದೇ ಲೆವೆಲ್ ಬದಲು ಇಡೀ ದಿನದ ಔಷಧದ ಲೆಕ್ಕ ಹಾಕುವ ಪದ್ಧತಿ ಬಂದಿದೆ. ಅದಕ್ಕೆ ಎರಡು ಸಲ ರಕ್ತ ತೆಗೆಯುವುದೇ ಒಳ್ಳೆಯದು. ಹಾಗಾದರೆ ಎರಡೂ ಸಮಯ ನಿಖರವಾಗಿ ಬೇಕು. ಪ್ರತಿ ಮಗುವಿನ ಲೆಕ್ಕ ಬೇರೆ. ರಿಪೋರ್ಟಿನ ಅಂಕಿ ನೋಡಿ ಮನೆಯವರೇ ತೀರ್ಮಾನಕ್ಕೆ ಬರಬೇಡಿ.

ಸಿಸ್ಟರ್‌ಗಳಿಗೆ ನನ್ನ ಬೇಡಿಕೆ ಇಷ್ಟು: ಡೋಸ್ ಶುರುವಾದದ್ದು, ಮುಗಿದದ್ದು, ರಕ್ತ ತೆಗೆದದ್ದು, ಮೂರನ್ನೂ ನಿಮಿಷದ ಸಮೇತ ಬರೆಯಿರಿ. ತಡವಾಗಿದ್ದರೆ ತಡವಾದ ಸಮಯವನ್ನೇ ಬರೆಯಿರಿ. ನಾನು ಬೈಯುವುದಿಲ್ಲ.