1,225 ಕಂತು, 113 ನಿಮಿಷ: ಒಂದು ರಕ್ತಪಿಶಾಚಿಯ ಚಿತ್ರಕಥೆ

ಹಳೆಯ ಧಾರಾವಾಹಿಯನ್ನು ಸಿನಿಮಾ ಮಾಡಲು ಕೂತವರಿಗೆ ಕಥೆ ಸಾಲದು ಎಂಬ ಚಿಂತೆ ಇರುವುದಿಲ್ಲ. ಇರುವ ಕಥೆಯಲ್ಲಿ ಏನನ್ನು ಬಿಸಾಕಬೇಕು ಎಂಬುದೇ ತಲೆನೋವು. ಅಮೆರಿಕದ ಎಬಿಸಿ ವಾಹಿನಿಯಲ್ಲಿ 1966ರ ಜೂನ್‌ನಿಂದ 1971ರ ಏಪ್ರಿಲ್‌ವರೆಗೆ ಸೋಮವಾರದಿಂದ ಶುಕ್ರವಾರ ಮಧ್ಯಾಹ್ನ ಬರುತ್ತಿದ್ದ ‘ಡಾರ್ಕ್ ಶ್ಯಾಡೋಸ್’ 1,225 ಕಂತು ಓಡಿತು. ಜಾಹೀರಾತು ಕಳೆದು ಕಂತಿಗೆ 22 ನಿಮಿಷ ಹಿಡಿದರೂ ಸುಮಾರು 450 ಗಂಟೆಯ ಸರಕು. ನಿರ್ದೇಶಕ ಟಿಮ್ ಬರ್ಟನ್ 2012ರಲ್ಲಿ ಅದನ್ನೇ ಹಾಸ್ಯದ ಧಾಟಿಯಲ್ಲಿ 113 ನಿಮಿಷಕ್ಕೆ ಇಳಿಸಿದರು. ಎಲ್ಲಿ ಸರಿಯಾಗಿ ಇಳಿಸಿದರು, ಎಲ್ಲಿ ಎಡವಿದರು ಎಂದು ಬಿಡಿಸಿ ನೋಡಿದರೆ ಚಿತ್ರಕಥೆ ಬರೆಯುವವರಿಗೆ ಒಳ್ಳೆಯ ಪಾಠವಿದೆ.

ಮೂಲ ಧಾರಾವಾಹಿ ಹಾಸ್ಯದ್ದಲ್ಲ. ಡ್ಯಾನ್ ಕರ್ಟಿಸ್ ಅದನ್ನು ಪೂರಾ ಗಂಭೀರವಾಗಿಯೇ ಕಟ್ಟಿದ್ದು. ಟೇಪ್ ಕತ್ತರಿಸಿ ಜೋಡಿಸುವುದು ದುಬಾರಿಯಾಗಿದ್ದ ಕಾಲವಾದ್ದರಿಂದ ಹೆಚ್ಚುಕಡಿಮೆ ನಾಟಕದಂತೆ ಒಂದೇ ಓಟದಲ್ಲಿ ಚಿತ್ರೀಕರಿಸುತ್ತಿದ್ದರು. ಮೈಕ್ ಚೌಕಟ್ಟಿನೊಳಗೆ ಇಣುಕಿದರೂ, ನಟ ಮಾತು ಮರೆತು ತಡವರಿಸಿದರೂ ಹಾಗೆಯೇ ಪ್ರಸಾರವಾಗುತ್ತಿತ್ತು. ಜನ ನಕ್ಕದ್ದು ಅಂಥ ಕಡೆ. ಹೀಗೆ ತಾನಾಗಿ ಬಂದ ನಗುವನ್ನು ಬೇಕೆಂದೇ ಬರೆಯಲು ಹೋದರೆ ಅಣಕವಾಗುತ್ತದೆ, ಅಣಕಕ್ಕೆ ಎರಡು ಗಂಟೆಯ ಉಸಿರಿರುವುದಿಲ್ಲ.

ಮೊದಲ ಕೆಲಸ ಪಾತ್ರಗಳನ್ನು ಬೆಸೆಯುವುದು. ಹಾಳೆಯ ಎಡಕ್ಕೆ ಪಾತ್ರದ ಹೆಸರು, ಬಲಕ್ಕೆ ಕಥೆಯಲ್ಲಿ ಅದು ಮಾಡುವ ಕೆಲಸ ಬರೆಯಬೇಕು. ಒಂದೇ ಕೆಲಸ ಇಬ್ಬರ ಮುಂದೆ ಕಂಡರೆ ಒಬ್ಬರು ಹೋಗಬೇಕು. ಧಾರಾವಾಹಿಯಲ್ಲಿ ವಿಕ್ಟೋರಿಯಾ ವಿಂಟರ್ಸ್ ರೈಲಿನಲ್ಲಿ ಬಂದಿಳಿಯುವ ಗವರ್ನೆಸ್, ಅಂದರೆ ಮನೆಯಲ್ಲೇ ಇದ್ದು ಮಕ್ಕಳನ್ನು ನೋಡಿಕೊಂಡು ಪಾಠ ಹೇಳುವವಳು. ಮ್ಯಾಗಿ ಇವಾನ್ಸ್ ಬೇರೆಯೇ ಹುಡುಗಿ; ಕಥೆಯ ರಕ್ತಪಿಶಾಚಿ ಬಾರ್ನಬಾಸ್ ತನ್ನ ಸತ್ತ ಪ್ರೇಯಸಿ ಜೋಸೆಟ್‌ಳನ್ನು ಕಾಣುವುದು ಇವಳಲ್ಲಿ. ಸಿನಿಮಾದಲ್ಲಿ ಮ್ಯಾಗಿಯೇ ರೈಲಿನಲ್ಲಿ ಕೂತು ವಿಕ್ಟೋರಿಯಾ ವಿಂಟರ್ಸ್ ಎಂದು ಹೆಸರು ಬದಲಿಸಿಕೊಳ್ಳುತ್ತಾಳೆ. ಎರಡು ಟ್ರ್ಯಾಕ್ ಒಂದಾಯಿತು, ಖರ್ಚು ಒಂದೇ ದೃಶ್ಯ. ಮಾಟಗಾತಿ ಆಂಜೆಲಿಕ್‌ಳ ವಿಷಯದಲ್ಲೂ ಇದೇ ಜಾಣತನ. 1776ರಲ್ಲಿ ಬಾರ್ನಬಾಸ್‌ನ ಮನೆಯ ಸೇವಕಿಯಾಗಿದ್ದು ಅವನಿಗೆ ರಕ್ತಪಿಶಾಚಿಯಾಗುವ ಶಾಪ ಕೊಟ್ಟವಳೇ 1972ರಲ್ಲಿ ಆ ಮನೆತನದ ಮೀನು ವ್ಯಾಪಾರವನ್ನು ನುಂಗಿದ ಎದುರಾಳಿ. ಹಿಂದಿನ ಕಥೆಗೂ ಇಂದಿನ ಕಥೆಗೂ ಒಬ್ಬಳೇ ಖಳನಾಯಕಿ ಸಾಕಾಯಿತು.

ಎರಡನೆಯದು, ನಗು ಎಲ್ಲಿಂದ ಹುಟ್ಟಬೇಕು ಎಂಬ ನಿರ್ಧಾರ. ಈ ಚಿತ್ರದಲ್ಲಿ ಎರಡು ಜಾತಿಯ ಹಾಸ್ಯವಿದೆ. ಒಂದು ಕಾಲದ್ದು: 196 ವರ್ಷ ಶವಪೆಟ್ಟಿಗೆಯಲ್ಲಿ ಬಿದ್ದಿದ್ದ ಬಾರ್ನಬಾಸ್ ಮೆಕ್‌ಡೊನಾಲ್ಡ್ಸ್‌ನ ಹೊಳೆಯುವ ಅಕ್ಷರ ನೋಡಿ ಸೈತಾನನ ಗುರುತು ಎಂದುಕೊಳ್ಳುತ್ತಾನೆ, ಟಿವಿಯಲ್ಲಿ ಹಾಡುವವಳನ್ನು ಪೆಟ್ಟಿಗೆಯಿಂದ ಹೊರಗೆ ಬಾ ಎಂದು ಗದರುತ್ತಾನೆ. ಇನ್ನೊಂದು ಸ್ವಭಾವದ್ದು: ಅವನು ಕುಲೀನ, ಜೊತೆಗೆ ವಿಪರೀತ ಬಾಯಾರಿದವನು. ಮಣ್ಣು ಅಗೆದು ತನ್ನನ್ನು ಹೊರತೆಗೆದ ಕೂಲಿಗಳ ರಕ್ತ ಹೀರುವಾಗಲೂ ಕ್ಷಮೆ ಕೇಳುವಷ್ಟು ಸಭ್ಯ. ಹಿಪ್ಪಿಗಳ ಜೊತೆ ಬೆಂಕಿಯ ಸುತ್ತ ಕೂತು, ಪ್ರೀತಿಯ ಬಗ್ಗೆ ಅವರ ಸಲಹೆ ಕೇಳಿ, ಇನ್ನು ನಿಮ್ಮೆಲ್ಲರನ್ನೂ ಕೊಲ್ಲಲೇಬೇಕಾಗಿದೆ ಎಂದು ನೊಂದುಕೊಂಡೇ ಹೇಳುವ ದೃಶ್ಯ ಇಡೀ ಚಿತ್ರದಲ್ಲೇ ಉತ್ತಮವಾದದ್ದು. ಅಲ್ಲಿ ನಗುವೂ ಭಯವೂ ಒಂದೇ ಬೇರಿನವು. ಕಾಲದ ಹಾಸ್ಯ ಹಾಗಲ್ಲ, ಒಂದು ಸಲಕ್ಕೆ ಸರಿ. ಮೂರನೇ ಸಲಕ್ಕೆ ಪ್ರೇಕ್ಷಕ ಬಾರ್ನಬಾಸ್‌ಗಿಂತ ಮುಂದೆ ಓಡಿರುತ್ತಾನೆ. ಪರೀಕ್ಷೆ ಸುಲಭ: ಆ ತಮಾಷೆಯನ್ನು ತೆಗೆದರೂ ಮುಂದಿನ ದೃಶ್ಯ ಏನೂ ಬದಲಾಗದಿದ್ದರೆ ಅದು ಅಲಂಕಾರ. ಈ ಚಿತ್ರದ ಮಧ್ಯಭಾಗದಲ್ಲಿ ಅಂಥ ಅಲಂಕಾರ ಅತಿಯಾಯಿತು.

ಬಾರ್ನಬಾಸ್ ಪಾತ್ರ ಮಾಡಿದ ಜಾನಿ ಡೆಪ್‌ಗೆ ಇಲ್ಲಿ ಪೂರ್ಣ ಅಂಕ ಕೊಡಬೇಕು. ಪಾತ್ರಕ್ಕೆ ತಾನು ತಮಾಷೆಯವನೆಂಬ ಸುಳಿವೇ ಇಲ್ಲ. 1967ರಲ್ಲಿ 211ನೇ ಕಂತಿಗೆ ಬಂದ ಜೊನಾಥನ್ ಫ್ರಿಡ್ ಅದೇ ಪಾತ್ರವನ್ನು ಪಾಪಪ್ರಜ್ಞೆಯ ಮನುಷ್ಯನಾಗಿ ಆಡಿದ್ದರು. ಸ್ವಲ್ಪ ಕಾಲಕ್ಕೆಂದು ತಂದ ರಕ್ತಪಿಶಾಚಿ ಧಾರಾವಾಹಿಯನ್ನೇ ಉಳಿಸಿದ್ದು ಆ ಸಂಕಟದಿಂದ. ಡೆಪ್ ಅದನ್ನು ಬಿಟ್ಟುಕೊಟ್ಟಿಲ್ಲ.

ಎಡವಿದ್ದು ದೃಷ್ಟಿಕೋನದಲ್ಲಿ. ಚಿತ್ರ ಬಾರ್ನಬಾಸ್‌ನ ದನಿಯಲ್ಲಿ ತೆರೆಯುತ್ತದೆ, ಬಳಿಕ ವಿಕ್ಟೋರಿಯಾಳ ಬೆನ್ನು ಹಿಡಿದು ಮನೆಯೊಳಗೆ ಹೋಗುತ್ತದೆ, ಅವನು ಎದ್ದು ಬಂದ ಮೇಲೆ ಅವಳನ್ನು ಕೈಬಿಡುತ್ತದೆ. ಅವಳ ಬಾಲ್ಯದ ಕಥೆ ತಡವಾಗಿ, ಚುಟುಕಾಗಿ ಬರುತ್ತದೆ. ಇದರ ಪೆಟ್ಟು ಬೀಳುವುದು ಕೊನೆಯಲ್ಲಿ: ಬಂಡೆಯ ತುದಿಯಲ್ಲಿ ನಿಂತವಳಿಗಾಗಿ ನಮ್ಮ ಜೀವ ಹೊಯ್ದಾಡಬೇಕು, ಹೊಯ್ದಾಡುವುದಿಲ್ಲ. ಒನ್‌ಲೈನ್ (ದೃಶ್ಯಗಳ ಚುಟುಕು ಪಟ್ಟಿ) ಹಂತದಲ್ಲೇ ಪ್ರತಿ ದೃಶ್ಯಕ್ಕೆ ಒಂದೊಂದು ಕಾರ್ಡ್ ಮಾಡಿ, ಅದು ಯಾರ ಕಣ್ಣಿನದು ಎಂದು ಬಣ್ಣ ಹಚ್ಚಿ ಗೋಡೆಗೆ ಅಂಟಿಸಿದ್ದರೆ ಹತ್ತಾರು ಕಾರ್ಡ್ ಉದ್ದಕ್ಕೂ ಒಂದು ಬಣ್ಣವೇ ಮಾಯವಾಗಿರುವುದು ಕಾಣುತ್ತಿತ್ತು.

ಕೊನೆಯ ಕಾಳಗದಲ್ಲಿ ಮನೆಮಗಳು ಕ್ಯಾರೊಲಿನ್ ಇದ್ದಕ್ಕಿದ್ದಂತೆ ತೋಳವಾಗುತ್ತಾಳೆ. ಮೂಲದಲ್ಲಿ ತೋಳಮಾನವರ ಕಥೆ ಬೇರೆ ಪಾತ್ರಗಳದು, ಅದಕ್ಕೆ ಕಂತುಗಟ್ಟಲೆ ಜಾಗವಿತ್ತು. ಇಲ್ಲಿ ಮುಂಚೆ ಸಿಗುವ ಸುಳಿವು ತೀರಾ ತೆಳು. ಇಷ್ಟು ದೊಡ್ಡ ತಿರುವಿಗೆ ಕನಿಷ್ಠ ಮೂರು ಕಡೆ ಬೀಜ ಬಿತ್ತಬೇಕು: ಒಂದು ಗಮನಕ್ಕೆ ಬಾರದಂತೆ, ಒಂದು ತಮಾಷೆಯಾಗಿ, ಒಂದು ಅನುಮಾನ ಹುಟ್ಟಿಸುವಂತೆ. ಒಳಗಿನಿಂದ ಬೀಗ ಹಾಕಿದ ಕೋಣೆ, ಬಾಗಿಲ ಮೇಲಿನ ಉಗುರಿನ ಗೀರು, ಊಟದ ಮೇಜಿನಲ್ಲಿ ಹಸಿ ಮಾಂಸದ ಕಡೆಗೊಂದು ನೋಟ. ಎಲ್ಲ ಸೇರಿ ಇಪ್ಪತ್ತು ಸೆಕೆಂಡ್ ಹಿಡಿಯುತ್ತಿರಲಿಲ್ಲ. ಅದೇ ಕಾಳಗದಲ್ಲಿ ಆಂಜೆಲಿಕ್‌ಳ ಮೈ ಪಿಂಗಾಣಿಯಂತೆ ಬಿರುಕು ಬಿಡುವುದು ಮಾತ್ರ ಚೆನ್ನಾಗಿ ಕೂತಿದೆ, ಏಕೆಂದರೆ ಅವಳು ಮೊದಲಿನಿಂದಲೂ ಬೊಂಬೆಯಷ್ಟೇ ನಯವಾಗಿ ಕಾಣುತ್ತಾಳೆ.

ಕೊನೆಯ ಶಾಟ್‌ನಲ್ಲಿ, ಬಾರ್ನಬಾಸ್ ಸಮುದ್ರದ ತಳಕ್ಕೆ ಎಸೆದಿದ್ದ ಮನೆಯ ಡಾಕ್ಟರ್ ಜೂಲಿಯಾ ಕಣ್ಣು ತೆರೆಯುತ್ತಾಳೆ. ಇದು ಪ್ರೇಕ್ಷಕರನ್ನು ಮುಂದಿನ ವಾರಕ್ಕೆ ಕಾಯಿಸುವ ಅಪ್ಪಟ ಶುಕ್ರವಾರದ ಹುಕ್, ಸೋಮವಾರದ ಕಂತು ಇದ್ದರೆ ಮಾತ್ರ ಬೆಲೆ. ಸುಮಾರು 15 ಕೋಟಿ ಡಾಲರ್ ಹಾಕಿದ ಚಿತ್ರ ಜಗತ್ತಿನಾದ್ಯಂತ ಸುಮಾರು 24.5 ಕೋಟಿ ಗಳಿಸಿತು. ಪ್ರಚಾರದ ಖರ್ಚು, ಚಿತ್ರಮಂದಿರಗಳ ಪಾಲು ಕಳೆದರೆ ಎರಡನೇ ಭಾಗಕ್ಕೆ ಧೈರ್ಯ ಕೊಡುವ ಮೊತ್ತ ಅಲ್ಲ, ಅದು ಬರಲೂ ಇಲ್ಲ. ಆ ಶಾಟ್‌ಗೆ ಕೊಟ್ಟ ಸೆಕೆಂಡುಗಳನ್ನು ಕ್ಯಾರೊಲಿನ್‌ಳ ಕೋಣೆಯ ಬಾಗಿಲಿಗೆ ಕೊಡಬಹುದಿತ್ತು.